ಕುಡಿಯದವನ ಮೈಮರೆವು


*ಇಂದಿನ ಧಮ್ಮ ಚಿಂತನೆ: ಐದನೆಯ ಶೀಲ*

ಧಮ್ಮ ಬಂಧುಗಳೇ,

ಹೋದ ವಾರ ಪಂಚಶೀಲದ ಪಾಠ ನಡೆಯುವಾಗ ನಮ್ಮ ಬಳಗದ ಸೋದರಿಯೊಬ್ಬರು ಕೇಳಿದರು: "ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಹಾಗಿದ್ದ ಮೇಲೆ ಐದನೆಯ ಶೀಲದಲ್ಲಿ ನಾವು ಕಲಿಯುವುದೇನು ಉಳಿದಿದೆ?" ಅವತ್ತು ನಾನು ಸುಮ್ಮನಿದ್ದೆ. ಉತ್ತರ ಹೇಳಬೇಕಾದರೆ ನನ್ನದೇ ಒಂದು ತಪ್ಪನ್ನು ಹೇಳಬೇಕಿತ್ತು. ಇವತ್ತು ಹೇಳುತ್ತೇನೆ.

ನಾನಿರುವ ಇಂಗ್ಲೆಂಡಿನ ಊರಿನಲ್ಲಿ ವರ್ಷಕ್ಕೊಮ್ಮೆ ಬಿಯರ್ ಮತ್ತು ಸೈಡರ್ ಹಬ್ಬ ನಡೆಯುತ್ತದೆ. ಸೈಡರ್ ಅಂದರೆ ಸೇಬಿನ ರಸ ಹುದುಗಿಸಿ ಮಾಡುವ ಮದ್ಯ. ಇಂಥ ಹಬ್ಬಗಳು ಬ್ರಿಟನ್ನಿನ ತುಂಬ ಇವೆ. ಹಳೆಯ ಪದ್ಧತಿಯ ಬಿಯರ್ ಉಳಿಯಬೇಕೆಂದು 1971ರಲ್ಲಿ ಹುಟ್ಟಿದ ಕ್ಯಾಮ್ರಾ ಎಂಬ ಸಂಘಟನೆಯ ಸ್ಥಳೀಯ ಶಾಖೆಗಳು ಎಷ್ಟೋ ಕಡೆ ಇವನ್ನು ನಡೆಸುತ್ತವೆ. ಪೀಪಾಯಿ ಇಳಿಸುವುದು, ಲೋಟ ತೊಳೆಯುವುದು, ಕೊನೆಗೆ ನೆಲ ಗುಡಿಸುವುದು, ಎಲ್ಲವೂ ಸಂಬಳವಿಲ್ಲದ ಸ್ವಯಂಸೇವಕರದೇ ಕೆಲಸ.

ನಮ್ಮ ಪಕ್ಕದ ಮನೆಯ ಹಿರಿಯರು ನಿವೃತ್ತ ಪೋಸ್ಟ್‌ಮ್ಯಾನ್. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಎರಡು ವಾರ ನಮ್ಮ ಮಗಳನ್ನು ಶಾಲೆಗೆ ಬಿಟ್ಟು ಬಂದವರು. ಅವರು ಎರಡು ವರ್ಷದ ಹಿಂದೆ "ಈ ಸಲ ಜನ ಸಾಲದು, ಬರ್ತೀಯಾ?" ಎಂದು ಕೇಳಿದಾಗ ಇಲ್ಲ ಎನ್ನಲು ಬಾಯಿ ಬರಲಿಲ್ಲ. ನಾನು ಕುಡಿಯುವವನಲ್ಲ, ಸಂಬಳವೂ ಇಲ್ಲ, ಇದು ವ್ಯಾಪಾರವಲ್ಲ ಎಂದು ಸಮಾಧಾನ ಹೇಳಿಕೊಂಡು ಹೋದೆ.

ಅಲ್ಲಿ ಕಂಡದ್ದು ಎಚ್ಚರದ ಕೆಲಸ. ಈ ಬಿಯರ್ ಪೀಪಾಯಿಯೊಳಗೆ ಇನ್ನೂ ಜೀವಂತವಾಗಿರುತ್ತದೆ. ಯೀಸ್ಟ್ ಒಳಗೆ ಕೆಲಸ ಮಾಡುತ್ತಲೇ ಇರುತ್ತದೆ. ಒಂದು ಫರ್ಕಿನ್ ಪೀಪಾಯಿಯಲ್ಲಿ 72 ಪೈಂಟ್, ಸುಮಾರು 41 ಲೀಟರ್ ಹಿಡಿಯುತ್ತದೆ. ಅದನ್ನು ಮೊದಲೇ ತಂದು ಮಲಗಿಸಿ, ಮತ್ತೆ ಅಲುಗಿಸದೆ ಗಸಿ ತಳಕ್ಕೆ ಇಳಿಯಲು ಬಿಡಬೇಕು. ಮೇಲಿನ ತೂತಿಗೆ ಸಣ್ಣ ಮರದ ಗೂಟ ಇಟ್ಟು ಒಳಗಿನ ಗಾಳಿಯನ್ನು ಹದವಾಗಿ ಹೊರಬಿಡಬೇಕು. ಸುಮಾರು 12 ಡಿಗ್ರಿ ತಂಪು ಕಾಯಬೇಕು. ತೆರೆದ ಮೇಲೆ ಮೂರು ದಿನದ ಹೊತ್ತಿಗೆ ರುಚಿ ಕೆಡುತ್ತದೆ. ನಮ್ಮ ಹಿರಿಯರು ರಾತ್ರಿ ಮಲಗುವ ಮುಂಚೆ ಒಮ್ಮೆ, ಬೆಳಗ್ಗೆ ಎದ್ದು ಒಮ್ಮೆ ಪ್ರತಿ ಪೀಪಾಯಿಯನ್ನೂ ನೋಡಿ ಬರುತ್ತಿದ್ದರು.

ನನಗೆ ಸಿಕ್ಕಿದ್ದು ಸೈಡರ್ ಮೇಜು. ಧಾನ್ಯದಿಂದ ಮಾಡಿದ್ದು ಸುರಾ, ಹಣ್ಣು, ಹೂವು, ಜೇನಿನಿಂದ ಮಾಡಿದ್ದು ಮೇರಯ ಎಂದು ಅಟ್ಠಕಥೆಗಳು ವಿಂಗಡಿಸುತ್ತವೆ. ಆ ಹಾಲ್‌ನಲ್ಲಿ ಒಂದು ಗೋಡೆಯ ಉದ್ದಕ್ಕೂ ಸುರಾ, ಎದುರಿನ ಗೋಡೆಗೆ ಮೇರಯ. ನಡುವೆ ನಾನು, ಶೀಲವಂತ! ಇಷ್ಟು ಜನರಲ್ಲಿ ಎಚ್ಚರವಾಗಿರುವವನು ನಾನೊಬ್ಬನೇ ಎಂದು ಮನಸ್ಸು ಒಳಗೊಳಗೇ ಬೀಗುತ್ತಿತ್ತು.

ಶನಿವಾರ ಸಂಜೆ ನನ್ನ ವಯಸ್ಸಿನವರೊಬ್ಬರು ನಾಲ್ಕನೆಯ ಸಲ ಲೋಟ ಚಾಚಿದರು. ಅವರ ಮಾತು ತೊದಲುತ್ತಿತ್ತು. ಚಿಲ್ಲರೆ ಎಣಿಸುವ ಕೈ ನಡುಗುತ್ತಿತ್ತು. ನಾನು ನಲ್ಲಿ ತಿರುಗಿಸಿದೆ. ಅಷ್ಟರಲ್ಲಿ ನಮ್ಮ ಹಿರಿಯರು ಬಂದು ಲೋಟದ ಬಾಯಿಗೆ ಅಂಗೈ ಇಟ್ಟರು. "ಇವತ್ತಿಗೆ ಸಾಕು ಗೆಳೆಯಾ, ಬಾ ಕೂತ್ಕೊಂಡು ಮಾತಾಡೋಣ" ಎಂದು ಅವರನ್ನು ಕುರ್ಚಿಗೆ ಕರೆದೊಯ್ದರು, ನೀರು ಕೊಟ್ಟರು, ಮನೆಗೆ ಹೇಗೆ ಹೋಗುತ್ತೀರಿ ಎಂದು ಕೇಳಿದರು, ಟ್ಯಾಕ್ಸಿ ಬರುವ ತನಕ ಪಕ್ಕದಲ್ಲೇ ಕೂತಿದ್ದರು.

ಆಮೇಲೆ ನನ್ನ ಹತ್ತಿರ ಬಂದರು. ಅಮಲೇರಿದವರಿಗೆ ಗೊತ್ತಿದ್ದೂ ಮಾರುವುದು ಇಲ್ಲಿ ಕಾನೂನಿನ ಪ್ರಕಾರ ಅಪರಾಧ. ಆದರೆ ಅವರು ಕಾನೂನಿನ ಮಾತು ಎತ್ತಲಿಲ್ಲ. "ಅವನ ಮುಖ ನೋಡಿದೆಯಾ?" ಎಂದಷ್ಟೇ ಕೇಳಿದರು.

ನೋಡಿರಲಿಲ್ಲ, ಬಂಧುಗಳೇ. ನಾಲ್ಕು ಸಲವೂ ಲೋಟ ನೋಡಿದ್ದೆ, ಮುಖ ನೋಡಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪ ನೆನಪಾದರು. ನಮ್ಮ ಹಳ್ಳಿಯಲ್ಲಿ ಆಗ ಸಾರಾಯಿ ಪಾಕೀಟಿನ ಕಾಲ. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ ಅವ್ವ ಅತ್ತಳು. ಆ ಹೊತ್ತಿಗೆ ಅಪ್ಪ ಇರಲಿಲ್ಲ. ಅಪ್ಪನಿಗೆ ಕುಡಿಸಿದವರು ಶತ್ರುಗಳಲ್ಲ. ಜೊತೆಯಲ್ಲಿ ಕೂಲಿ ಮಾಡಿದವರು, ಅಪ್ಪನ ಮೇಲೆ ಪ್ರೀತಿ ಇದ್ದವರು. ಅವರನ್ನು ಎಷ್ಟೋ ವರ್ಷ ಮನಸ್ಸಿನಲ್ಲೇ ಬೈದಿದ್ದೆ. ಈಗ ಅದೇ ಸಾಲಿನಲ್ಲಿ ನಾನೂ ನಿಂತಿದ್ದೆ.

ವಿನಯ ಪಿಟಕದಲ್ಲಿ ಭಿಕ್ಷು ಸಾಗತರ ಕಥೆ ಬರುತ್ತದೆ. ಅವರು ತಮ್ಮ ಶಕ್ತಿಯಿಂದ ಭಯಂಕರ ನಾಗನೊಂದನ್ನು ಪಳಗಿಸಿದರು. ಸಂತೋಷಗೊಂಡ ಕೋಸಂಬಿಯ ಜನ ಅವರನ್ನು ಗೌರವಿಸಬೇಕೆಂದು ಮನೆಮನೆಯಲ್ಲೂ ಮದ್ಯ ಸಿದ್ಧಮಾಡಿ ಕೊಟ್ಟರು. ಮನೆಮನೆಯಲ್ಲೂ ಕುಡಿದ ಸಾಗತರು ಊರ ಬಾಗಿಲಿನಲ್ಲಿ ಬಿದ್ದರು. ಭಿಕ್ಷುಗಳು ಎತ್ತಿ ತಂದು ಬುದ್ಧರ ಕಡೆಗೆ ತಲೆಮಾಡಿ ಮಲಗಿಸಿದರೆ, ಅವರು ಹೊರಳಿ ಬುದ್ಧರ ಕಡೆಗೇ ಕಾಲು ಚಾಚಿದರು. ಆಗ ಬುದ್ಧರು ಕೇಳಿದ್ದು ಇಷ್ಟೇ: ಮೊದಲು ಇವನಲ್ಲಿ ಗೌರವ ಇತ್ತಲ್ಲವೇ, ಈಗ ಇದೆಯೇ? ನಾಗನನ್ನು ಗೆದ್ದ ಇವನು ಈಗ ಒಂದು ನೀರೊಳ್ಳೆ ಹಾವನ್ನಾದರೂ ಎದುರಿಸಬಲ್ಲನೇ? ಭಿಕ್ಷುಗಳಿಗೆ ಮದ್ಯ ಕೂಡದೆಂಬ ನಿಯಮ ಬಂದದ್ದು ಆ ದಿನ.

ಈ ಕಥೆಯನ್ನು ಸಾಗತರ ತಪ್ಪಿನ ಕಥೆ ಎಂದೇ ಓದುತ್ತಿದ್ದೆ. ಈಗ ಆ ಮನೆಗಳವರೂ ಕಾಣುತ್ತಾರೆ. ಅವರು ಕೊಟ್ಟದ್ದು ಪ್ರೀತಿಯಿಂದಲೇ. ಹಿಂದಿನ ಮನೆಯಲ್ಲಿ ಎಷ್ಟಾಯಿತೆಂದು ಯಾರೂ ಕೇಳಲಿಲ್ಲ, ಯಾರೂ ಮುಖ ನೋಡಲಿಲ್ಲ.

ಐದನೆಯ ಶೀಲದಲ್ಲಿ ಸುರೆಯ ಹೆಸರಿನ ಜೊತೆಗೆ 'ಪಮಾದ' ಎಂಬ ಮಾತೂ ಇದೆ. ಪಮಾದ ಎಂದರೆ ಮೈಮರೆವು. ಮದ್ಯವನ್ನು ಬಿಡಬೇಕು, ಏಕೆಂದರೆ ಅದು ಮೈಮರೆವಿಗೆ ನೆಲೆ. ಆದರೆ ಮೈಮರೆವಿಗೆ ಬೇರೆ ನೆಲೆಗಳೂ ಇವೆ. ನಾನು ಕುಡಿಯುವುದಿಲ್ಲ ಎಂಬ ಹೆಮ್ಮೆ ಅಂಥ ಒಂದು ನೆಲೆ. ಅವತ್ತು ನನ್ನ ಕಣ್ಣು ಕಟ್ಟಿದ್ದು ಅದೇ. ಇದರಿಂದ ಕುಡಿಯುವುದು ಸರಿ ಎಂದಾಗುವುದಿಲ್ಲ. ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟೆನೆಂಬುದೂ ಒಂದು. ಅದರ ಬೆಲೆ ನಮ್ಮ ಅವ್ವಂದಿರಿಗೆ ಗೊತ್ತು.

ಹೋದ ವರ್ಷ ಹಿರಿಯರು ಮತ್ತೆ ಕರೆದರು. ಅಪ್ಪನ ವಿಷಯವನ್ನು ಮೊದಲ ಸಲ ಅವರಿಗೆ ಹೇಳಿದೆ. ಬುದ್ಧರು ಉಪಾಸಕರಿಗೆ ಬೇಡವೆಂದ ಐದು ವ್ಯಾಪಾರಗಳಲ್ಲಿ ಮದ್ಯವೂ ಒಂದು, ಕೂಲಿ ಇಲ್ಲದಿದ್ದರೂ ಇನ್ನು ನನ್ನ ಕೈಯಿಂದ ಸುರಿಯಲಾರೆ ಎಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಹಾಗಾದ್ರೆ ನೀರಿನ ಮೇಜು ನೋಡ್ಕೋ" ಎಂದರು. ಎರಡು ದಿನ ಕುಡಿಯುವ ನೀರು ಕೊಟ್ಟೆ, ಬಂದವರ ಮುಖ ನೋಡಿದೆ, ಮೂವರಿಗೆ ಟ್ಯಾಕ್ಸಿ ಕರೆದೆ. ಅಲ್ಲಿಗೆ ಹೋಗುವುದೇ ತಪ್ಪು ಎಂದು ನಮ್ಮ ಬಳಗದಲ್ಲಿ ಕೆಲವರಿಗೆ ಅನ್ನಿಸಬಹುದು. ಭಾನುವಾರದ ಪಾಠದಲ್ಲಿ ಹೇಳಿ, ಕೇಳುತ್ತೇನೆ.

*ಇಂದಿನ ಅಭ್ಯಾಸ:* ಇವತ್ತು ಯಾರಿಗಾದರೂ ಏನನ್ನಾದರೂ ಕೊಡುವಾಗ, ಅದು ಒಂದು ಲೋಟ ಕಾಫಿಯೇ ಇರಲಿ, ಕೊಡುವ ಮೊದಲು ಅವರ ಮುಖ ನೋಡೋಣ.

ಎಲ್ಲರಿಗೂ ಒಳಿತಾಗಲಿ. ನಮೋ ಬುದ್ಧಾಯ 🙏