ಕಲ್ಲಿನೊಂದಿಗೆ ಬಂದವರು

ವಿಜಯನಗರದ ನಮ್ಮ ಮನೆಯ ಹಜಾರದಲ್ಲಿ ಮೂರಡಿ ಉದ್ದದ ಒಂದು ಗಾಜಿನ ತೊಟ್ಟಿಯಿದೆ. ಅದರಲ್ಲಿರುವುದು ಉಪ್ಪುನೀರು. ಕಾವೇರಿ ನೀರನ್ನು ಯಂತ್ರದಲ್ಲಿ ಸೋಸಿ, ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಪೊಟ್ಟಣದ ಸಮುದ್ರದುಪ್ಪು ಕರಗಿಸಿ ನಮ್ಮ ಮಗ ಕಟ್ಟಿಕೊಂಡ ಪುಟ್ಟ ಕಡಲು ಅದು. ಎರಡು ಕಿತ್ತಳೆ ಬಣ್ಣದ ಮೀನು, ಒಂದಷ್ಟು ಕಲ್ಲು. ಕಲ್ಲು ಬಂದು ಎರಡು ತಿಂಗಳಾಗಿರಬೇಕು, ಗಾಜಿನ ಹಿಂಬದಿಯಲ್ಲಿ ಸುಣ್ಣ ಸಿಡಿದಂತೆ ಬಿಳಿ ಚುಕ್ಕೆಗಳು ಕಾಣಿಸಿಕೊಂಡವು. ಸಾಸಿವೆ ಕಾಳಿನಷ್ಟು ಸಣ್ಣವು. ನೋಡನೋಡುತ್ತಿದ್ದಂತೆ ನೂರಾದವು. ಪಂಪಿನ ಮರೆಯಲ್ಲಿ ಬೆರಳ ತುದಿಯಷ್ಟು ಬಿಳಿಯ ಹೂಜಿಯೊಂದು ಮೂಡಿತು. ಕಲ್ಲಿನ ಸಂದಿಯಲ್ಲಿ ಲೋಳೆಯ ಮುದ್ದೆಯೊಂದು ಕುಳಿತಿತ್ತು.

"ತೊಟ್ಟಿಗೆ ಹುಳ ಬಿದ್ದಿದೆ" ಎಂದರು ಮನೆಯವರು. ನಾವು ಬ್ಲೇಡು ತಂದೆವು.

"ಇವತ್ತು ರಾತ್ರಿ ಒಮ್ಮೆ ನೋಡೋಣ, ಆಮೇಲೆ ಕೆರೆಯೋಣ" ಎಂದು ಮಗ ತಡೆದ. ಇಶಾ ನಮಾಝಿನ ನಂತರ ದೀಪ ಆರಿಸಿ, ಟಾರ್ಚು ಮತ್ತು ಭೂತಗನ್ನಡಿ ಹಿಡಿದು ಕುಳಿತೆವು. ಪ್ರತಿ ಚುಕ್ಕೆಯೂ ಸುರುಳಿ ಸುತ್ತಿದ ಒಂದು ಸುಣ್ಣದ ಕೊಳವೆ. ಅದರ ಬಾಯಿಂದ ಗರಿಗಳ ಕಿರೀಟವೊಂದು ಅರಳಿತ್ತು. ನಮ್ಮ ನೆರಳು ಬಿದ್ದೊಡನೆ ಗರಿಗಳು ಒಳಗೆಳೆದುಕೊಂಡವು, ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತು ಅಲ್ಲಾಡದೆ ಕುಳಿತರೆ ಮತ್ತೆ ತೆರೆಯಿತು. ಸ್ಪೈರಾರ್ಬಿಡ್ ಎಂಬ ಹುಳು ಇದು. ನೀರಿನಲ್ಲಿ ತೇಲುವ ಕಣಗಳನ್ನು ಗರಿಗಳಿಂದ ಹಿಡಿದು ತಿನ್ನುತ್ತದೆ. ಹೂಜಿಯಂತಿದ್ದದ್ದು ಸೈಕಾನ್ ಎಂಬ ಸ್ಪಂಜು. ಮೈಯ ಸೂಕ್ಷ್ಮ ರಂಧ್ರಗಳಿಂದ ನೀರು ಒಳಗೆಳೆದು, ಸೋಸಿ, ಮೇಲಿನ ಬಾಯಿಂದ ಹೊರಗೆ ಬಿಡುತ್ತದೆ. ಲೋಳೆಯ ಮುದ್ದೆಗೆ ಎರಡು ಬಾಯಿ. ಒಂದರಿಂದ ನೀರು ಒಳಕ್ಕೆ, ಇನ್ನೊಂದರಿಂದ ಹೊರಕ್ಕೆ. ಅದರ ಹೆಸರು ಅಸಿಡಿಯನ್. ನಮ್ಮ ಕರಾವಳಿಯ ಮರುವಾಯಿಯೂ ಹೀಗೆ ನೀರು ಸೋಸಿಯೇ ಬದುಕುವುದು. ಈ ಮೂರೂ ಮೀನಿನ ತಂಟೆಗೆ ಹೋಗುವುದಿಲ್ಲ. ಬೇರೆಯವರಿಗೆ ಬೇಡವಾದ ಕಣಗಳನ್ನು ತಿಂದು, ಪಡೆದ ನೀರನ್ನು ಇನ್ನಷ್ಟು ತಿಳಿಯಾಗಿಸಿ ಹಿಂದಿರುಗಿಸುತ್ತವೆ. ಒಟ್ಟಿಗೆ ಕೊಂದರೆ ಅವುಗಳ ದೇಹ ಕೊಳೆತು ನೀರು ಕೆಡುತ್ತದೆ. ಕೆಡುಕು ನಮ್ಮ ಬ್ಲೇಡಿನಿಂದ ಬರುತ್ತಿತ್ತು.

ಆ ಲೋಳೆಯ ಮುದ್ದೆಯ ಬಗ್ಗೆ ಇನ್ನೊಂದು ಮಾತು. 1866ರಲ್ಲಿ ರಷ್ಯಾದ ವಿಜ್ಞಾನಿ ಅಲೆಕ್ಸಾಂಡರ್ ಕೊವಲೆವ್‌ಸ್ಕಿ ಇದರ ಮರಿಯನ್ನು ಪರೀಕ್ಷಿಸಿದಾಗ, ಗೊದಮೊಟ್ಟೆಯಂಥ ಅದರ ಬಾಲದಲ್ಲಿ ಆಧಾರದ ಕಂಬಿಯೊಂದು ಕಂಡಿತು. ತಾಯಿಯ ಗರ್ಭದಲ್ಲಿರುವ ಮನುಷ್ಯನ ಭ್ರೂಣದಲ್ಲೂ ಅಂಥದೇ ಕಂಬಿಯಿರುತ್ತದೆ. ಮರಿ ಒಂದೆಡೆ ಅಂಟಿಕೊಂಡು ದೊಡ್ಡದಾದಾಗ ಬಾಲವೂ ಕಂಬಿಯೂ ಕರಗಿಹೋಗುತ್ತವೆ. ತೊಟ್ಟಿಗೆ ಕರೆಯದೆ ಬಂದವರಲ್ಲಿ ನೋಡಲು ಅತಿ ಅಸಹ್ಯವಾಗಿದ್ದದ್ದೇ ನಮಗೆ ಹತ್ತಿರದ ಸಂಬಂಧಿ!

ಹಾಗೆಂದು ಕರೆಯದೆ ಬಂದವರೆಲ್ಲ ಸಾಧುಗಳು ಎನ್ನುವುದೂ ಸುಳ್ಳೇ. ವರ್ಮೆಟಿಡ್ ಎಂಬ ಶಂಖದ ಜಾತಿಯ ಪ್ರಾಣಿಯೂ ಸುಣ್ಣದ ಕೊಳವೆಯಲ್ಲೇ ಕಲ್ಲಿಗಂಟಿ ಬದುಕುತ್ತದೆ. ಅದು ಗರಿ ಬಿಚ್ಚುವುದಿಲ್ಲ. ಲೋಳೆಯ ಬಲೆ ಬೀಸಿ ಪಕ್ಕದ ಹವಳಕ್ಕೆ ಕಿರಿಕಿರಿ ಮಾಡುತ್ತದೆ. ಚಾರು ಎಂಬ ದಕ್ಷಿಣ ಅಮೆರಿಕ ಮೂಲದ ಚಿಪ್ಪುಜೀವಿ ಕೇರಳದ ಹಿನ್ನೀರುಗಳಲ್ಲಿ ಹಬ್ಬಿ ಅಲ್ಲಿನ ಚಿಪ್ಪುಗಳ ಜಾಗ ಕಸಿದಿದೆ. ಅದೂ ನೀರು ಸೋಸುವ ಜೀವಿಯೇ. ಆದ್ದರಿಂದ ಪ್ರಶ್ನೆ ಎಲ್ಲರನ್ನೂ ನಂಬಬೇಕೇ, ಎಲ್ಲರನ್ನೂ ಸಂಶಯಿಸಬೇಕೇ ಎಂಬುದಲ್ಲ. ನೋಡುವ ಮೊದಲೇ ತೀರ್ಪು ಕೊಡಬಹುದೇ ಎಂಬುದು.

ಉರ್ದುವಿನಲ್ಲಿ 'ಗುಮಾನ್' ಎಂದರೆ ಊಹೆ, ಎಣಿಕೆ. ಅದು ಒಳ್ಳೆಯದೂ ಇರಬಹುದು, ಕೆಟ್ಟದೂ ಇರಬಹುದು. ಅದರ ಸಂಬಂಧಿಯಾದ ನಮ್ಮ ಕನ್ನಡದ 'ಗುಮಾನಿ'ಯಲ್ಲಿ ಕೆಟ್ಟದ್ದಷ್ಟೇ ಉಳಿದಿದೆ. ಶಾಲೆಯಲ್ಲಿ ಎರಡೂ ಭಾಷೆ ಕಲಿತ ನಮಗೆ ಇದು ಬಹಳ ದಿನದಿಂದ ಕಾಡುವ ಸಂಗತಿ. ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯವು ಅತಿಯಾದ ಗುಮಾನಿಯಿಂದ ದೂರವಿರಲು ಎಚ್ಚರಿಸುತ್ತದೆ. ಸುದ್ದಿ ಬಂದಾಗ ವಿಚಾರಿಸಿ ತಿಳಿಯಲು ಹೇಳುತ್ತದೆ. ಮನುಷ್ಯರು ಜನಾಂಗಗಳಾಗಿರುವುದು ಪರಸ್ಪರ ಪರಿಚಯಕ್ಕಾಗಿ ಎಂದೂ ಅದೇ ಅಧ್ಯಾಯ ಕಲಿಸುತ್ತದೆ. ಹುಜುರಾತ್ ಎಂದರೆ ಕೋಣೆಗಳು.

ನಮ್ಮ ಮಹಡಿಯ ಮೇಲೆ ಒಂದು ಕೋಣೆಯಿದೆ. ಅದರ ವಿಷಯ ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾಗುತ್ತದೆ.

ಈ ಮನೆ ಕಟ್ಟುವ ಮೊದಲು ರಾಜಾಜಿನಗರ, ಬಸವೇಶ್ವರನಗರದ ಬೀದಿಗಳಲ್ಲಿ ನಾವು ಬಾಡಿಗೆ ಮನೆಗಾಗಿ ಅಲೆದವರು. ಬೋರ್ಡು ಗೇಟಿನಲ್ಲಿ ತೂಗುತ್ತಿರುತ್ತಿತ್ತು. ಹೆಸರು ಕೇಳಿದ ಮೇಲೆ "ನಿನ್ನೆಯೇ ಕೊಟ್ಟಾಯಿತಲ್ಲ" ಎಂಬ ಉತ್ತರ. ಆಮೇಲೆ 2012ರ ಆಗಸ್ಟ್ ಬಂತು. ಮುಸ್ಲಿಮರು ದಾಳಿ ಮಾಡುತ್ತಾರೆಂಬ ಮೊಬೈಲ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ವದಂತಿ ಹೇಳಿದ ದಾಳಿ ಈ ಊರಿನಲ್ಲಿ ನಡೆಯಲಿಲ್ಲ. ಯಾರೋ ನಮ್ಮ ಬಗ್ಗೆ ಇಷ್ಟು ಹೆದರಿದರಲ್ಲ ಎಂದು ಅಂದು ಊಟ ಬಿಟ್ಟು ಕುಳಿತಿದ್ದೆವು. ಕೆಲವು ವರ್ಷಗಳ ನಂತರ ಅಸ್ಸಾಮಿನ ಹುಡುಗನೊಬ್ಬ ಅದೇ ಮಹಡಿಯ ಕೋಣೆ ಕೇಳಿಕೊಂಡು ಬಂದ. ಅವನ ಊಟ ಹೇಗೋ, ಸಹವಾಸ ಎಂಥದೋ! ಗೇಟಿನ ಬೋರ್ಡು ತೆಗೆಯುವುದನ್ನೂ ಮರೆತು ನಾವು ಹೇಳಿದೆವು: "ನಿನ್ನೆಯೇ ಕೊಟ್ಟಾಯಿತಲ್ಲ." ಅವನು ಬೋರ್ಡಿನ ಕಡೆ ಒಮ್ಮೆ ನೋಡಿದ. ನಮ್ಮನ್ನು ನೋಡಲಿಲ್ಲ.

ಹುಳುವಿಗೆ ಒಂದು ರಾತ್ರಿ ಕೊಟ್ಟ ನಾವು ಆ ಹುಡುಗನಿಗೆ ಐದು ನಿಮಿಷ ಕೊಡಲಿಲ್ಲ. ಗಾಯಗೊಂಡವನು ಇನ್ನೊಬ್ಬರ ಗಾಯವನ್ನು ತಾನಾಗಿ ಅರಿಯುತ್ತಾನೆ ಎಂದು ಕತೆಗಳಲ್ಲಿ ಬರೆಯುವುದು ಸುಲಭ. ಗಾಯವು ಕೆಲವೊಮ್ಮೆ ಅದೇ ಮಾತನ್ನು ಬಾಯಿಪಾಠ ಮಾಡಿಸಿಬಿಡುತ್ತದೆ.

ಇನ್ನು 'ನಿರುಪದ್ರವಿ' ಎಂಬ ಶಬ್ದ. ಯಾರಿಗೆ ನಿರುಪದ್ರವಿ? ನಮಗೆ. ಹುಳು ನೀರು ತಿಳಿಯಾಗಿಸುವುದರಿಂದ ಉಳಿಯಿತು, ಉಪಯೋಗವಿಲ್ಲದಿದ್ದರೆ? ಮನುಷ್ಯನೂ ತಾನು ಉಪದ್ರವಿಯಲ್ಲ, ಉಪಯೋಗಿ ಎಂದು ದಿನವೂ ರುಜುವಾತು ಮಾಡುತ್ತ ಬದುಕಬೇಕೆಂದರೆ ಅದು ಬಾಡಿಗೆಗಿಂತ ದೊಡ್ಡ ಬಾಡಿಗೆ. ನೋಡಿ ತಿಳಿಯುವ ಭಾರ ಬ್ಲೇಡು ಹಿಡಿದವನದು, ಬಾಗಿಲಲ್ಲಿ ನಿಂತವನದಲ್ಲ.

ಅಷ್ಟಕ್ಕೂ ಅವು ತಾವಾಗಿ ಬಂದವಲ್ಲ. ನಮಗೆ ಕಲ್ಲು ಬೇಕಾಗಿತ್ತು, ಅದರೊಂದಿಗೆ ಬಂದವು. ನಮ್ಮ ದೇಶದಲ್ಲಿ 2001ರಿಂದ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಬೇರೊಬ್ಬರು ತೊಟ್ಟಿ ಮುಚ್ಚುವಾಗ ಕೊಂಡ ಕಲ್ಲು ಇದು ಎಂಬುದು ನಮ್ಮ ಸಮಾಧಾನ. ಅವರಿಗೆ ಅದು ಎಲ್ಲಿಂದ ಬಂತು? ಯಾವ ಕಡಲಿನದು? ಹುಳುವಿನ ಮೂಲ ಕೇಳಲು ಅರ್ಧ ರಾತ್ರಿ ಕುಳಿತ ನಾವು ಕಲ್ಲಿನ ಮೂಲ ಕೇಳಿರಲಿಲ್ಲ.

ಮಹಡಿಯ ಕೋಣೆಯ ಬೋರ್ಡು ಈ ತಿಂಗಳು ಮತ್ತೆ ಗೇಟಿಗೆ ಬಿದ್ದಿದೆ. ಬಂದವರನ್ನು ಮೊದಲು ಒಳಗೆ ಕರೆದು ಕೂರಿಸಬೇಕು, ಚಹಾ ಕೊಡಬೇಕು, ಆಮೇಲೆ ಮಾತು ಎಂದು ಮನೆಯಲ್ಲಿ ನಿಶ್ಚಯಿಸಿದ್ದೇವೆ.