ಹುಣಸೆಮರದ ಋಣ ಯಾರದು?

ಮಳೆಗಾಲವು ಹಿಂದೆ ಸರಿದು ಆಶ್ವಯುಜ, ಕಾರ್ತಿಕ ಮಾಸಗಳು ಕಾಲಿಟ್ಟೊಡನೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಕೆರೆಗಳಿಗೂ ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ಗದ್ದೆಬಯಲುಗಳಿಗೂ ಅತಿಥಿಗಳ ಆಗಮನವಾಗುತ್ತದೆ. ಬಾಲ ಕುಣಿಸುವ ಹಳದಿ ಸಿಪಿಲೆ, ನೀರಂಚಿನಲ್ಲಿ ನಡೆದಾಡುವ ಗದ್ದೆಗೊರವ, ತಂತಿಗಳ ಮೇಲೆ ಸಾಲುಗಟ್ಟಿ ಕೂರುವ ಕವಲುತೋಕೆ ಇವೆಲ್ಲ ಹಿಮಾಲಯದಿಂದಲೂ ಅದರಾಚೆಯ ಉತ್ತರ ದೇಶಗಳಿಂದಲೂ ಬರುವಂಥವು. ಇವುಗಳ ಬೆನ್ನಿಗೇ, ನೀರು ಮೀನುಗಳನ್ನರಸಿ ನಾಡಿನೊಳಗೇ ಸಂಚರಿಸುವ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಬಂದು, ಮನೆಗಳ ನಡುವಣ ಹುಣಸೆಮರಗಳಲ್ಲಿ ಗೂಡುಕಟ್ಟಿ, ಬೇಸಗೆಯವರೆಗೂ ಮರಿಗಳನ್ನು ಸಾಕುತ್ತವೆ.

ಹಕ್ಕಿಗಳನ್ನು ನೋಡುವುದು ಕಣ್ಣಿಗೆ ಹಬ್ಬ, ಮನಸ್ಸಿಗೆ ವಿಶ್ರಾಂತಿ. ಆದರೆ ಈ ನೋಟವು ವಿಚಾರವಂತರ ಮುಂದೆ ಒಂದು ಪ್ರಶ್ನೆಯನ್ನೂ ತಂದಿಡುತ್ತದೆ. ನಾವು ಕರೆಯದೆ ಬಂದ, ಹೇಳದೆ ಹೋಗುವ ಈ ಜೀವಿಗಳಿಗೆ ನಮ್ಮಿಂದ ಸಲ್ಲಬೇಕಾದುದು ಏನಾದರೂ ಉಂಟೇ? ಉಂಟೆಂದಾದರೆ ಅದನ್ನು ಸಲ್ಲಿಸಬೇಕಾದವರು ಯಾರು?

ಬೆಳ್ಳೂರಿನವರು ಮೊದಲನೆಯ ಪ್ರಶ್ನೆಗೆ ಎಂದೋ ಉತ್ತರ ಕೊಟ್ಟಿದ್ದಾರೆ. ಈ ಹಕ್ಕಿಗಳು ಅವರ ಪಾಲಿಗೆ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಹಿಂದೆ ಪ್ಲೇಗಿನ ಹಾವಳಿಗೆ ಅಂಜಿ ಶಿಂಷಾ ನದಿಯ ದಡದಿಂದ ಊರು ಎದ್ದು ಬಂದಾಗ ಹಕ್ಕಿಗಳೂ ಜನರ ಹಿಂದೆಯೇ ಬಂದವೆಂದು ಹಿರಿಯರು ಹೇಳುವುದುಂಟು. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಆದರೆ ಕಾನೂನು ಕಣ್ಣು ತೆರೆಯುವುದಕ್ಕೆ ಬಹು ಮುಂಚೆಯೇ ಅಲ್ಲಿ ದಯೆ ನೆಲೆಸಿತ್ತು.

ಜರ್ಮನಿಯ ತತ್ತ್ವಜ್ಞಾನಿ ಕಾಂಟನ ಅಭಿಪ್ರಾಯದಲ್ಲಿ, ಪ್ರಾಣಿಗಳ ವಿಷಯದಲ್ಲಿ ಮನುಷ್ಯನಿಗಿರುವ ಕರ್ತವ್ಯವು ನೇರವಾದುದಲ್ಲ. ಪ್ರಾಣಿಯನ್ನು ಹಿಂಸಿಸುವವನ ಮನಸ್ಸು ಒರಟಾಗಿ ಮುಂದೆ ಮನುಷ್ಯರನ್ನೂ ಹಿಂಸಿಸೀತು ಎಂಬ ಕಾರಣಕ್ಕಾಗಿ ನಾವು ಅವುಗಳನ್ನು ಮೃದುವಾಗಿ ಕಾಣಬೇಕು. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಗೂಡಿನಿಂದ ಬಿದ್ದ ಹೆಜ್ಜಾರ್ಲೆಯ ಮರಿಯನ್ನೆತ್ತಿ ಮೀನು ತಿನ್ನಿಸುವ ಬೆಳ್ಳೂರಿನ ಯುವಕನು, ತನ್ನ ಗುಣವನ್ನು ತಿದ್ದಿಕೊಳ್ಳುವ ಅಭ್ಯಾಸಕ್ಕೆಂದು ಹಾಗೆ ಮಾಡುತ್ತಾನೆಯೇ? ಅವನ ಕಣ್ಣ ಮುಂದಿರುವುದು ತನ್ನ ಶೀಲವಲ್ಲ, ಮರಿಯ ಹಸಿವು. ದಯೆಯು ದಯೆಯಾಗುವುದು ತನ್ನನ್ನು ಮರೆತಾಗ.

ಹಕ್ಕಿಗಳ ಹಿಕ್ಕೆಯಿಂದ ಊರಿನವರಿಗೆ ಗೊಬ್ಬರದ ಲಾಭವಿಲ್ಲವೇ ಎಂದು ಕೆಲವರು ಕೇಳಬಹುದು. ಉಂಟು, ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಗೋಡಿನೊಡನೆ ಬೆರೆಸಿ ಹೊಲಕ್ಕೆ ಹಾಕುವ ವಾಡಿಕೆಯಿದೆ. ಆದರೆ ಅದೇ ಹಿಕ್ಕೆಯಿಂದ ಹುಣಸೆಯ ಫಸಲು ಕೆಡುತ್ತದೆ. ಅಂಗಳದಲ್ಲಿ ತಿಂಗಳುಗಟ್ಟಲೆ ದುರ್ವಾಸನೆ, ಕೊಳೆತ ಮೀನು. ಮರವಾದರೋ ಸರ್ಕಾರದ್ದಲ್ಲ, ಒಬ್ಬ ಗೃಹಸ್ಥನ ಸ್ವತ್ತು. ಮಗಳ ಮದುವೆಗೋ ಸಾಲದ ತೀರುವಳಿಗೋ ಅದನ್ನು ಕಡಿದು ಮಾರುವ ಯೋಚನೆ ಅವನಿಗೆ ಬರಬಹುದು. ಅವನು ಕೊಡಲಿ ಎತ್ತದಿರುವುದರಿಂದಲೇ ನಮಗೆ ಹಕ್ಕಿಗಳ ದರ್ಶನ.

ಇಲ್ಲಿಯೇ ಎರಡನೆಯ ಪ್ರಶ್ನೆ ತೀಕ್ಷ್ಣವಾಗುವುದು. ಅರಣ್ಯ ಇಲಾಖೆಯು ಮರದ ಒಡೆಯರಿಗೆ ಫಸಲಿನ ನಷ್ಟಕ್ಕಾಗಿ ಪರಿಹಾರಧನ ಕೊಡುವ ಏರ್ಪಾಡು ಮಾಡಿತು. ದಯೆಗೆ ಬೆಲೆ ಕಟ್ಟಿದರೆ ಅದು ವ್ಯಾಪಾರವಾಗದೇ ಎಂದು ಶಂಕಿಸುವವರಿದ್ದಾರೆ. ಶಂಕೆ ನಿರಾಧಾರವಲ್ಲ, ಹಣ ನಿಂತ ದಿನ ಪ್ರೀತಿಯೂ ನಿಲ್ಲಬಹುದು. ಆದರೂ ವಿವೇಚಿಸಿ ನೋಡಿರಿ. ಬಡವನ ತ್ಯಾಗವನ್ನು ಕೊಂಡಾಡುತ್ತ, ಅದರ ಭಾರವನ್ನು ಅವನೊಬ್ಬನ ಹೆಗಲಿಗೇ ಬಿಟ್ಟು, ಫಲವನ್ನು ಮಾತ್ರ ನಾವು ಅನುಭವಿಸುವುದು ಯಾವ ನ್ಯಾಯ? ಪರಿಹಾರವು ಅವನ ದಯೆಯ ಬೆಲೆಯಲ್ಲ. ನಾವು ಹೊರಬೇಕಾಗಿದ್ದ ಹೊರೆಯಲ್ಲಿ ನಮ್ಮ ಪಾಲು. ಪಾಲು ಸಲ್ಲಿಸದವನಿಗೆ ಪ್ರಶಂಸಿಸುವ ಅಧಿಕಾರವೂ ಇಲ್ಲ.

ಆ ಪಾಲು ಹಣದಿಂದಲೇ ತೀರುವಂಥದೂ ಅಲ್ಲ. 2017ರ ಕೊನೆಯಿಂದ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸಾಯತೊಡಗಿದವು. ಪರೀಕ್ಷೆಯಲ್ಲಿ ಅವುಗಳ ಹೊಟ್ಟೆಯೊಳಗೆ ಜಂತುಹುಳುಗಳು ಕಂಡುಬಂದವು. ಇಂಥ ಹುಳುಗಳು ಹಕ್ಕಿಯ ದೇಹವನ್ನು ಸೇರುವುದು ಮೀನಿನ ಮೂಲಕ. ಗೂಡು ಬೆಳ್ಳೂರಿನದಾದರೂ ಊಟ ಬೆಳ್ಳೂರಿನದಷ್ಟೇ ಅಲ್ಲ. ಸುತ್ತಲಿನ ಹಲವು ಊರುಗಳ ಕೆರೆಗಳದು, ಶಿಂಷೆಯದು. ಮನೆಯೊಡತಿ ಎಷ್ಟೇ ಅಕ್ಕರೆಯಿಂದ ಹಾಸಿಗೆ ಹಾಸಿದರೂ ಬಾವಿಯ ನೀರು ಕೆಟ್ಟಿದ್ದರೆ ಬಾಣಂತಿ ಉಳಿದಾಳೆಯೇ? ಊರಿನ ಚರಂಡಿಯನ್ನು ಕೆರೆಗೆ ತಿರುಗಿಸುವವನು, ನದಿಯ ಮರಳನ್ನು ಬಗೆದು ಮಾರುವವನು, ಗದ್ದೆಗೆ ಮಿತಿಮೀರಿ ವಿಷ ಸಿಂಪಡಿಸುವವನು ಬೆಳ್ಳೂರನ್ನೇ ಕಾಣದಿರಬಹುದು. ಆದರೂ ಅವನ ಕೈ ಆ ಗೂಡನ್ನು ಮುಟ್ಟುತ್ತದೆ.

ಆದುದರಿಂದ ವಾಚಕ ಬಂಧುಗಳೇ, ಈ ಋತುವಿನಲ್ಲಿ ನಿಮ್ಮೂರಿನ ಕೆರೆಯ ಏರಿಯ ಮೇಲೆ ನಿಂತು ಹಕ್ಕಿಗಳನ್ನು ಅಗತ್ಯವಾಗಿ ನೋಡಿರಿ, ಮಕ್ಕಳಿಗೂ ತೋರಿಸಿರಿ. ಸದ್ದು ಮಾಡದೆ, ಕಲ್ಲೆಸೆಯದೆ, ಗೂಡಿನ ಸಮೀಪ ಹೋಗದೆ ನೋಡಿರಿ. ತನ್ನದಾಗಿಸಿಕೊಳ್ಳುವ ಆಸೆಯಿಲ್ಲದೆ ನೋಡುವುದೂ ಒಂದು ಸಾಧನೆಯೇ. ಅಷ್ಟಾದ ಮೇಲೆ ದೃಷ್ಟಿಯನ್ನು ಹಕ್ಕಿಯಿಂದ ಕೆಳಗಿಳಿಸಿ ನೀರಿನ ಕಡೆಗೂ ಹರಿಸಿರಿ. ಅದು ನಿಮ್ಮ ಮನೆಯ ಅತಿಥಿಗೆ ಕೊಡಬಹುದಾದಂಥ ನೀರೇ ಎಂದು ಕೇಳಿಕೊಳ್ಳಿರಿ. ಉತ್ತರ ಇಲ್ಲವೆಂದಾದರೆ ಹುಣಸೆಮರದ ಋಣ ಇನ್ನೂ ತೀರಿಲ್ಲ. ಅದನ್ನು ತೀರಿಸಬೇಕಾದ ಕೆಲಸ ಅಲ್ಲಿಂದಲೇ ಆರಂಭವಾಗಲಿ.