ಮೂಕಪ್ರಾಣಿಯ ವಂಶಾವಳಿ

ಮನುಷ್ಯನ ಕುಲವನ್ನು ಕೇಳಬಾರದೆಂದು ಶರಣರು ಸಾರಿದ ಈ ನಾಡಿನಲ್ಲಿ, ಹಂದಿಯೊಂದರ ತಂದೆತಾಯಿಗಳನ್ನೂ ಅಜ್ಜ ಮುತ್ತಜ್ಜರನ್ನೂ ಹೊತ್ತಗೆಯಲ್ಲಿ ಬರೆದಿಡುವುದು ಧರ್ಮಸಮ್ಮತವೇ ಎಂಬ ಪ್ರಶ್ನೆ ವಿಚಾರಾರ್ಹವಾದುದು. ಮನುಷ್ಯನು ತನ್ನ ನಡೆಯಿಂದ ಹುಟ್ಟನ್ನು ಮೀರಬಲ್ಲನು. ಸಾಕುಪ್ರಾಣಿಗಾದರೋ ಆ ಸ್ವಾತಂತ್ರ್ಯವಿಲ್ಲ. ಯಾವ ಗಂಡಿಗೆ ಯಾವ ಹೆಣ್ಣೆಂಬುದನ್ನು ಒಡೆಯನೇ ನಿಶ್ಚಯಿಸುವನಾದುದರಿಂದ, ಆ ನಿಶ್ಚಯದ ಪಾಪಪುಣ್ಯಗಳೂ ಅವನಿಗೇ ಸೇರತಕ್ಕವು. ವಂಶಾವಳಿಯೆಂಬುದು ಈ ಹೊಣೆಯ ಲೆಕ್ಕಪತ್ರ.

ಈ ಹೊಣೆಯನ್ನು ಮರೆತುದರ ನಿದರ್ಶನ ನಮ್ಮ ರೈತನಿಗೆ ದೂರದಲ್ಲಿಲ್ಲ. ಮೈಸೂರಿನ ಅರಸರಾದ ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯೆಂಬ ರಾಸುಗಳ ಇಲಾಖೆಯಿಂದ ಬೆಳೆದುಬಂದು, ಇಂದಿಗೂ ಅಜ್ಜಂಪುರದಲ್ಲಿ ಪೋಷಿತವಾಗಿರುವ ಅಮೃತಮಹಲ್ ರಾಸುಗಳ ಮಂದೆಯನ್ನು 1860ರಲ್ಲಿ ಸರ್ಕಾರವು ಮಾರಿ ಚದುರಿಸಿತು. 1866ರಲ್ಲಿ ಅದನ್ನೇ ಮರಳಿ ಕಟ್ಟಬೇಕಾಯಿತು. ಹಂದಿಗೆ ಅಷ್ಟು ಆದರವೂ ದೊರೆಯಲಿಲ್ಲ. ಬಾದಾಮಿಯ ಗುಹೆಯಲ್ಲಿ ವರಾಹಮೂರ್ತಿಯನ್ನು ಕಡೆದು, ಚಾಲುಕ್ಯರ ಲಾಂಛನದಲ್ಲಿ ವರಾಹವನ್ನು ಪೂಜ್ಯವಾಗಿರಿಸಿದ ನಾಡು, ಊರಾಚೆಯ ಜೀವಂತ ಹಂದಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಇಂಗ್ಲೆಂಡಿನ ಸಾಕಣೆದಾರರು 1884ರಲ್ಲಿಯೇ ಸಂಘ ಕಟ್ಟಿ ಹಂದಿಗಳ ವಂಶಾವಳಿಯನ್ನು ದಾಖಲಿಸತೊಡಗಿದರು. ನಮ್ಮಲ್ಲಿ ಕರ್ನಾಲದ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಬಂಗಾಳದ ಘುಂಗ್ರೂ, ಗೋವೆಯ ಅಗೊಂಡ ಮೊದಲಾದ ನಾಡಹಂದಿಗಳನ್ನು ತಳಿಗಳೆಂದು ನೋಂದಾಯಿಸಿರುವುದು ಸಂತೋಷದ ಸಂಗತಿ.

ಆದರೆ ತಳಿಲಕ್ಷಣವನ್ನು ಯಾರ ಹಿತಕ್ಕಾಗಿ ನಿರ್ಣಯಿಸಬೇಕು? ಈದ ಹಂದಿಯ ಮಗ್ಗುಲಲ್ಲಿ ಒಂದೊಂದು ಮರಿಯೂ ಹುಟ್ಟಿದ ಕೆಲವೇ ದಿನಗಳಲ್ಲಿ ತನ್ನದೇ ಒಂದು ಮೊಲೆಯನ್ನು ಗೊತ್ತುಮಾಡಿಕೊಂಡು, ಪ್ರತಿಸಲವೂ ಅದಕ್ಕೇ ಬಾಯಿಡುವುದನ್ನು ಕಂಡವನಿಗೆ, ಮೊಲೆಗಳು ಸಾಕಷ್ಟಿರಬೇಕು, ಸಮನಾಗಿರಬೇಕು ಎಂಬ ನಿಯಮದಲ್ಲಿ ಅಡಗಿರುವ ಕರುಣೆ ಅರಿವಾಗದಿರದು. ಮೊಲೆ ಸಾಲದಿದ್ದರೆ ಸೊರಗುವುದು ದುರ್ಬಲವಾದ ಮರಿಯೇ. ಇದಕ್ಕೆ ವಿಪರೀತವಾಗಿ, ಬೆಲ್ಜಿಯಂ ದೇಶದ ಪಿಯೆತ್ರೇನ್ ತಳಿಯಲ್ಲಿ ಕೊಬ್ಬಿಲ್ಲದ ಮಾಂಸವನ್ನೇ ಬಯಸಿ ಆಯ್ಕೆಮಾಡುತ್ತ ಹೋದುದರಿಂದ, ಸೆಕೆಗೂ ಸಾಗಾಟದ ಬೆದರಿಕೆಗೂ ಮೈಬಿಗಿದು ಸಾಯುವ ದೋಷವು ವ್ಯಾಪಕವಾಯಿತು. ಅದರ ಮೂಲವಾದ ಜೀನು ಗೊತ್ತಾದುದು 1991ರಲ್ಲಿ. ಮನುಷ್ಯನ ಆಸೆ ಪ್ರಾಣಿಯ ರಕ್ತಕ್ಕಿಳಿದು, ಅದರ ಸಂತತಿಯೇ ಆ ಋಣವನ್ನು ತೀರಿಸಬೇಕಾಗುವುದಕ್ಕಿಂತ ಘೋರವಾದ ಹಿಂಸೆ ಯಾವುದು?

ಆದಕಾರಣ ದಾಖಲೆಯಲ್ಲಿ ಗುಣದೊಡನೆ ದೋಷವನ್ನೂ ಬರೆಯತಕ್ಕದ್ದು. ಹುಟ್ಟಿದ ಮರಿಗಳೆಷ್ಟು, ಸತ್ತವೆಷ್ಟು, ಹರ್ನಿಯಾ ಕಂಡದ್ದು ಯಾವುದರಲ್ಲಿ ಎಂಬುದನ್ನು ಮುಚ್ಚಿಟ್ಟು, ತಂದೆಗೂ ಮಗಳಿಗೂ ಸಂಗಮ ಮಾಡಿಸಿದ್ದನ್ನು ಮರೆಸಿ, ಒಳ್ಳೆಯ ಬೆಲೆಗೆ ಗಂಡುಹಂದಿಯನ್ನು ಮಾರುವವನು ಕೊಳ್ಳುವವನನ್ನಷ್ಟೇ ಅಲ್ಲ, ಇನ್ನೂ ಹುಟ್ಟದಿರುವ ಮರಿಗಳನ್ನೂ ವಂಚಿಸುತ್ತಾನೆ. ಸಾಕ್ಷಿ ನುಡಿಯಲಾರದ ಜೀವದ ಪರವಾಗಿ ನಾವು ಬರೆಯುವ ಪ್ರತಿಯೊಂದು ಸಾಲೂ ಸತ್ಯವಾಗಿರಬೇಕೆಂಬುದೇ ಈ ಕಸುಬಿನ ಮೊದಲ ಧರ್ಮ.